ಮನೆ ಬದಲಾಗುವಾಗ ಹಟ್ಟಿಯ ಲೆಕ್ಕ

(ಶಿರ್ತಾಡಿಯಲ್ಲಿ ಹಾಲು ಉತ್ಪಾದಕ ಸದಸ್ಯರ ಸಭೆಯಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಯವರು ಮಾಡಿದ ಭಾಷಣ)



ಇಂದು ಕೆಚ್ಚಲು ಬಾವಿನ ಬಗ್ಗೆ ಮಾತಾಡಬೇಕೆಂದು ನಿಶ್ಚಯವಾಗಿತ್ತು. ಅದನ್ನು ಮುಂದಿನ ಸಭೆಗೆ ಇಟ್ಟುಕೊಳ್ಳೋಣ. ಈಚೆಗೆ ನಾನು ಹೋದಲ್ಲೆಲ್ಲ ಮನೆ ಪಾಲಾಗುವ, ಹಳೆಯ ಮನೆ ಮಾರುವ, ಹೊಸ ಮನೆಗೆ ಒಕ್ಕಲಾಗುವ ಸುದ್ದಿಯೇ ಕೇಳುತ್ತಿದೆ. ಪಾಲಿನ ದಿನ ಹಂಡೆ, ಕಡಾಯಿ, ತೆಂಗಿನ ಮರಗಳ ಲೆಕ್ಕವೆಲ್ಲ ಆಗುತ್ತದೆ. ಹಟ್ಟಿಯಲ್ಲಿರುವ ದನದ ಲೆಕ್ಕ ಮಾತ್ರ ಸಾಮಾನು ಲಾರಿಗೆ ಏರಿದ ಮೇಲೆ ನೆನಪಾಗುತ್ತದೆ.

ಒಂದು ಮನೆಯ ಸಂಗತಿ ಹೇಳುತ್ತೇನೆ, ಹೆಸರು ಬೇಡ. ತರವಾಡು ಮನೆ ಮಾರಿ, ತಾಯಿ ಪೇಟೆಯಲ್ಲಿರುವ ಮಗನಲ್ಲಿಗೆ ಹೋಗುವುದೆಂದಾಯಿತು. ಹಟ್ಟಿಯಲ್ಲಿ ಎರಡು ದನ, ಅದರಲ್ಲಿ ಒಂದು ಎಂಟು ತಿಂಗಳ ಗಬ್ಬ. ರಿಜಿಸ್ಟ್ರಿಗೆ ನಾಲ್ಕು ದಿನ ಇರುವಾಗ ದಲ್ಲಾಳಿಯನ್ನು ಕರೆಸಿದರು. ಗರಜು ಯಾರದೆಂದು ಅವನಿಗೆ ಗೊತ್ತಿತ್ತು; ಅರ್ಧ ಬೆಲೆಗೆ ಎರಡನ್ನೂ ಕೊಂಡುಹೋದ. ಗಬ್ಬದ ದನ ವಾಹನದಲ್ಲಿ ಬಿದ್ದು, ಮರುದಿನ ಕಂದು ಹಾಕಿತು ಎಂದು ಆಮೇಲೆ ತಿಳಿಯಿತು. ಕೆಲವು ತಿಂಗಳ ನಂತರ ಆ ತಾಯಿ ನನಗೆ ಪೇಟೆಯಲ್ಲಿ ಸಿಕ್ಕಿದರು. "ಡಾಕ್ಟ್ರೇ, ಡೈರಿಯ ಹಣ ನನ್ನ ಖಾತೆಗೆ ಬರುತ್ತಿತ್ತು. ಈಗ ಮದ್ದಿಗೂ ಮಗನಲ್ಲಿ ಕೇಳಬೇಕು" ಎಂದರು. ಮಗ ಕೊಡುವುದಿಲ್ಲವೆಂದಲ್ಲ. ಕೇಳಬೇಕಲ್ಲ!

ನಮ್ಮ ಜಿಲ್ಲೆಯಲ್ಲಿ ಪಾಲು ಹೊಸ ವಿಷಯವೇನೂ ಅಲ್ಲ. 1949ರ ಮದ್ರಾಸ್ ಅಳಿಯಸಂತಾನ ಕಾನೂನು ಕೂಡುಕುಟುಂಬದ ಪಾಲಿಗೆ ದಾರಿ ಮಾಡಿತು. 1956ರಲ್ಲಿ ಹಿಂದೂ ಉತ್ತರಾಧಿಕಾರ ಕಾನೂನು ಬಂತು. ಅದರ ವಿವರವನ್ನು ವಕೀಲರು ಹೇಳಲಿ, ನಾನು ದನದ ಡಾಕ್ಟರು. ನಾನು ಹೇಳುವುದಿಷ್ಟೆ: ಪಾಲಿನ ಮಾತು ನಡೆಯುವಾಗಲೇ ಯಾವ ದನ ಯಾರಿಗೆ ಎಂಬುದನ್ನು ಕಿವಿಯ ಓಲೆಯ 12 ಅಂಕೆಗಳ ಸಂಖ್ಯೆಯೊಂದಿಗೆ ಕಾಗದದಲ್ಲಿ ಬರೆಯಿರಿ. "ಕೆಂಪು ದನ ಅಣ್ಣನಿಗೆ" ಎಂದು ಬರೆದರೆ ಸಾಲದು. ಹಾಲಿನ ಹಣ ಇದುವರೆಗೆ ಯಾರ ಕೈಗೆ ಬರುತ್ತಿತ್ತೋ ಅವರಿಗೆ ಮುಂದೆ ಏನು ಎಂಬುದನ್ನೂ ಆ ದಿನವೇ ಮಾತಾಡಿರಿ. ಅಮ್ಮನ ಹೆಸರಿನ ಸದಸ್ಯತ್ವ ಆ ಮನೆಯಲ್ಲಿ ಉಳಿಯುವ ಮಗನಿಗೆ ತಾನಾಗಿ ಬರುವುದಿಲ್ಲ; ಸಂಘಕ್ಕೆ ಅರ್ಜಿ ಕೊಡಬೇಕು. ಬೇರೆ ಊರಿಗೆ ಹೋಗುವವರು ಅಲ್ಲಿನ ಸಂಘದಲ್ಲಿ ಹೊಸತಾಗಿ ಸೇರಬೇಕಾಗುತ್ತದೆ. ಹೊರಡುವ ಮೊದಲೇ ಕಾರ್ಯದರ್ಶಿಯವರನ್ನು ಕಂಡರೆ ಬಟವಾಡೆ, ಸರಕಾರದ ಪ್ರೋತ್ಸಾಹಧನ ಎರಡೂ ತಪ್ಪಿಹೋಗುವುದಿಲ್ಲ.

ಇನ್ನು ಜಾಗ ಕೊಳ್ಳುವವರಿಗೆ. ಮಳೆಗಾಲ ಮುಗಿದ ಕೂಡಲೇ ನೋಡಿದರೆ ನಮ್ಮೂರಿನ ಎಲ್ಲ ಬಾವಿಗಳೂ ತುಂಬಿಯೇ ಇರುತ್ತವೆ. ಪಗ್ಗು ತಿಂಗಳ ಕೊನೆಗೊಮ್ಮೆ ಹೋಗಿ ಬಗ್ಗಿ ನೋಡಿ. ಹತ್ತು ಲೀಟರ್ ಹಾಲು ಕೊಡುವ ದನಕ್ಕೆ ಸೆಕೆಗಾಲದಲ್ಲಿ ಕುಡಿಯಲಿಕ್ಕೇ ದಿನಕ್ಕೆ 60ರಿಂದ 80 ಲೀಟರ್ ನೀರು ಬೇಕು, ಹಟ್ಟಿ ತೊಳೆಯುವುದು ಬೇರೆ. ಎರಡನೆಯದು ಕುಮ್ಕಿ. "ಸುತ್ತ ಇಷ್ಟು ಎಕರೆ ಕುಮ್ಕಿ ಇದೆ, ಹುಲ್ಲು ಸೊಪ್ಪಿಗೆ ತೊಂದರೆಯಿಲ್ಲ" ಎಂದು ಮಾರುವವರು ಹೇಳುತ್ತಾರೆ. ಕುಮ್ಕಿ ಎಂದರೆ ಕದೀಂ ವರ್ಗ ಜಾಗದಿಂದ ನೂರು ಗಜದೊಳಗಿನ ಸರಕಾರಿ ಭೂಮಿ. ಹುಲ್ಲು, ಸೊಪ್ಪು, ಸೌದೆಗೆ ಬಳಸುವ ಸವಲತ್ತು ಮಾತ್ರ. ಅದಕ್ಕೆ ಕ್ರಯ ಕೊಡಬೇಡಿ, ಅದನ್ನೇ ನಂಬಿ ನಾಲ್ಕು ದನ ಕಟ್ಟಲೂ ಬೇಡಿ. ನಿಮ್ಮದೇ ಪಹಣಿಯ ಜಾಗದಲ್ಲಿ ಹಸಿರು ಹುಲ್ಲು ನೆಡಲು ಸ್ಥಳವಿದೆಯೇ ನೋಡಿ. ಹುಲ್ಲಿನ ಬುಡಗಳನ್ನು ಎರಡು ಮೂರು ತಿಂಗಳು ಮೊದಲೇ ನೆಟ್ಟಿದ್ದರೆ ದನ ಬರುವಾಗ ಕೊಯ್ಲಿಗೆ ಸಿಗುತ್ತದೆ.

ಮನೆಯ ಜತೆಗೆ ಅಲ್ಲಿನ ದನವನ್ನೂ ಕೊಳ್ಳುವುದಾದರೆ ಬೆಳಿಗ್ಗೆ, ಸಂಜೆ, ಮರುದಿನ ಬೆಳಿಗ್ಗೆ, ಹೀಗೆ ಮೂರು ಹೊತ್ತಿನ ಹಾಲನ್ನು ಎದುರಲ್ಲೇ ಕರೆಸಿ ನೋಡಿರಿ. ಒಂದು ಹೊತ್ತು ಕರೆಯದೆ ಬಿಟ್ಟು ತೋರಿಸುವವರು ಇದ್ದಾರೆ. ಸಂಘದ ಹಾಲಿನ ಚೀಟಿ ಕೇಳಿ. ಮಾರುವವರಿಗೂ ಅದೇ ಚೀಟಿ ದೊಡ್ಡ ಸಾಕ್ಷಿ, ಅದಿದ್ದರೆ ದಲ್ಲಾಳಿ ಬೇಡ. ಸಂಘದಲ್ಲಿ ಒಂದು ಮಾತು ಹೇಳಿದರೆ ನೆರೆಯ ಸದಸ್ಯರೇ ನ್ಯಾಯವಾದ ಬೆಲೆಗೆ ಕೊಳ್ಳುತ್ತಾರೆ. ಮಾಲಕರು ಬದಲಾದರೆ ವಿಮಾ ಕಂಪೆನಿಗೆ ಲಿಖಿತವಾಗಿ ತಿಳಿಸಿ, ಇಲಾಖೆಯ ಓಲೆ ದಾಖಲೆಯಲ್ಲೂ ಹೆಸರು ಬದಲಾಯಿಸಿಕೊಳ್ಳಬೇಕು. ಓಲೆ ಒಬ್ಬರ ಹೆಸರಲ್ಲಿ, ದನ ಇನ್ನೊಬ್ಬರ ಹಟ್ಟಿಯಲ್ಲಿ ಇದ್ದರೆ ಪರಿಹಾರ ಕೇಳುವಾಗ ಕಷ್ಟ. ಹೊರಗಿನಿಂದ ತಂದ ದನವನ್ನು ಮೂರು ವಾರ ಬೇರೆಯಾಗಿ ಕಟ್ಟಿ. 2022ರಲ್ಲಿ ಚರ್ಮಗಂಟು ರೋಗ ರಾಜ್ಯದಲ್ಲೆಲ್ಲ ಹರಡಿದ್ದನ್ನು ನೀವೇ ಕಂಡಿದ್ದೀರಿ.

ಸಾಗಿಸುವ ದಿನವನ್ನು ಜೋಯಿಸರೊಬ್ಬರೇ ನಿಶ್ಚಯಿಸಿದರೆ ಸಾಲದು. ಗಬ್ಬ ಕಟ್ಟಿಸಿದ ದಿನದಿಂದ ಸುಮಾರು 280 ದಿನಕ್ಕೆ ಕರು ಹಾಕುವುದು. ಕೊನೆಯ ಎರಡು ತಿಂಗಳು ಮತ್ತು ಕರು ಹಾಕಿದ ಮೊದಲ ಎರಡು ವಾರ ದನವನ್ನು ವಾಹನಕ್ಕೆ ಏರಿಸಬಾರದು. ಆಟಿಯಲ್ಲಿ ನಾವು ಒಕ್ಕಲು ಮಾಡುವುದಿಲ್ಲ. ಆದ್ದರಿಂದ ಎಲ್ಲವೂ ಸೆಕೆಗಾಲದಲ್ಲೇ ಒಟ್ಟಾಗುತ್ತವೆ. ಮನೆಯವರು ಮುಹೂರ್ತಕ್ಕೆ ಹೋಗಲಿ, ದನ ಒಂದೆರಡು ತಿಂಗಳು ಹಿಂದೆ ಉಳಿಯಲಿ, ನೆರೆಯವರಲ್ಲಿ ಹೇಳಿಕೊಂಡರಾಯಿತು. ಸೆಕೆಯಲ್ಲಿ ಸಾಗಿಸುವುದೇ ಆದರೆ ಬೆಳಗಿನ ಜಾವ ಹೊರಡಿ. ವಾಹನದ ತಳಕ್ಕೆ ಮರಳು, ಅದರ ಮೇಲೆ ಬೈಹುಲ್ಲು ಹಾಸಿ. ದನ ಸಾಗಾಟಕ್ಕೆ ನಿಯಮಗಳಿವೆ, ದಾರಿಯಲ್ಲಿ ತಡೆದು ಕೇಳುವವರೂ ಇದ್ದಾರೆ. ಪಶು ಆಸ್ಪತ್ರೆಯಲ್ಲಿ ಮೊದಲೇ ವಿಚಾರಿಸಿ, ಆರೋಗ್ಯ ಪತ್ರವನ್ನೂ ದನ ನಿಮ್ಮದೆಂಬ ದಾಖಲೆಯನ್ನೂ ಜತೆಗೆ ಇಟ್ಟುಕೊಳ್ಳಿ.

ಗೃಹಪ್ರವೇಶದ ದಿನ ದನ ಕರುವನ್ನು ಮನೆಯೊಳಗೆ ಹೊಗಿಸುವ ಕ್ರಮವಿದೆ. ಮಾಡಿ, ಬೇಡ ಎನ್ನುವುದಿಲ್ಲ. ಆದರೆ ಈಗ ನೆಲ ಕನ್ನಡಿಯ ಹಾಗೆ, ಮೇಲೆ ರಂಗೋಲಿ, ನೀರು, ಸುತ್ತ ವಾಲಗದ ಸದ್ದು. ಹಿಂಗಾಲು ಎರಡೂ ಕಡೆಗೆ ಜಾರಿ ಬಿದ್ದ ದನ ಮತ್ತೆ ಏಳದಿರುವುದನ್ನು ನಾನು ನೋಡಿದ್ದೇನೆ. ಬಾಗಿಲಿನಿಂದ ಕೊನೆಯವರೆಗೆ ಒದ್ದೆ ಗೋಣಿ ಹಾಸಿ. ತುಂಬು ಗಬ್ಬದ್ದನ್ನು ತರಬೇಡಿ.

ಹೊಸ ಹಟ್ಟಿಯಲ್ಲಿ ಹಾಲು ಕೆಲವು ದಿನ ಇಳಿಯುತ್ತದೆ, ಹೆದರಬೇಡಿ. ಹಳೆಯ ಮನೆಯ ಬೈಹುಲ್ಲು, ಹಿಂಡಿ ಹತ್ತು ಹದಿನೈದು ದಿನಕ್ಕೆ ಬೇಕಾದಷ್ಟು ಜತೆಗೆ ತಂದು, ಹೊಸ ಮೇವನ್ನು ಸ್ವಲ್ಪ ಸ್ವಲ್ಪವಾಗಿ ಬೆರೆಸಿರಿ. ಒಟ್ಟಿಗೆ ಬೆಳೆದ ಎರಡು ದನಗಳನ್ನು ಪಕ್ಕಪಕ್ಕದಲ್ಲೇ ಕಟ್ಟಿ. ಮುಖ್ಯವಾಗಿ, ಇದುವರೆಗೆ ಕರೆಯುತ್ತಿದ್ದವರು ಒಂದು ವಾರ ಆ ಮನೆಯಲ್ಲಿ ನಿಂತು ಕರೆದು ಕೊಡಲಿ. ಅದು ಅಮ್ಮನೇ ಆಗಿದ್ದರೆ, ವಾರ ಕಳೆದ ಮೇಲೂ ಅವರನ್ನು ಅಲ್ಲಿಯೇ ಇರಿಸಿಕೊಳ್ಳಲು ನನ್ನ ಅಡ್ಡಿಯಿಲ್ಲ.

ಪ್ರಶ್ನೆಗಳಿದ್ದರೆ ಈಗ ಕೇಳಬಹುದು.