ಮಗಳು ಮನೆಗೆ ಬಂದಳು, ಫೈಲು ಬರಲಿಲ್ಲ

ದತ್ತು ಅಂದ ಕೂಡಲೇ ಜನ "ನಿಮ್ಮದು ದೊಡ್ಡ ಮನಸ್ಸು" ಅಂತಾರೆ. ಇವತ್ತು ಮನಸ್ಸಿನ ವಿಷಯ ಬೇಡ, ಫೈಲಿನ ವಿಷಯ ಮಾತಾಡೋಣ.

ನಾನು, ನನ್ನ ಹೆಂಡ್ತಿ ಇಬ್ಬರೂ ಮಹಾರಾಷ್ಟ್ರದಲ್ಲಿ ಐಟಿ ಕೆಲಸದಲ್ಲಿದ್ದೀವಿ. ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರದ, ಅಂದ್ರೆ ಕಾರಾದ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿದ್ವಿ. ಮನೆಗೆ ಬಂದು ನೋಡಿ ವರದಿ ಬರೆದರು. ಆಮೇಲೆ ವರ್ಷಗಟ್ಟಲೆ ಸರದಿ.

"ಆಶ್ರಮದಲ್ಲಿ ಅಷ್ಟು ಮಕ್ಕಳಿದ್ದಾವಲ್ಲೋ, ಮತ್ಯಾಕೆ ಕಾಯ್ಬೇಕು?" ಅಂತ ಅಮ್ಮ ಫೋನಲ್ಲಿ ಕೇಳ್ತಿದ್ರು. ಆಶ್ರಮದಲ್ಲಿರೋ ಪ್ರತಿ ಮಗುವನ್ನೂ ದತ್ತು ಕೊಡೋಕಾಗಲ್ಲ. ಆ ಮಗು ದತ್ತಿಗೆ ಕಾನೂನಿನ ಪ್ರಕಾರ ಮುಕ್ತ ಅಂತ ಮಕ್ಕಳ ಕಲ್ಯಾಣ ಸಮಿತಿ ಮೊದಲು ಘೋಷಿಸಬೇಕು. ಯಾರೋ ಬಿಟ್ಟುಹೋದ ಮಗುವಾದ್ರೆ ಅದಕ್ಕೆ ಗಡುವಿದೆ: 2 ವರ್ಷದೊಳಗಿನ ಮಗುವಿಗೆ 2 ತಿಂಗಳು, ಅದಕ್ಕಿಂತ ದೊಡ್ಡದಕ್ಕೆ 4 ತಿಂಗಳು. ಹೆತ್ತವರನ್ನ ಹುಡುಕಲೇಬೇಕು. ಕದ್ದ ಮಗು ಯಾರ ಮನೆಗೂ ಹೋಗಬಾರದು. ಆದರೆ ಒಂದು ವರದಿ ಎಲ್ಲೋ ಮೇಜಿನ ಮೇಲೆ ಕೂತರೆ ಆ ಮಗುವಿನ ವಯಸ್ಸು ಏರ್ತಾನೇ ಇರುತ್ತೆ. ದೊಡ್ಡ ಮಕ್ಕಳನ್ನ ಕೇಳೋರು ಕಡಿಮೆ.

ನಮ್ಮ ಮಗಳು ಮನೆಗೆ ಬಂದಾಗ ಅವಳಿಗೆ 4 ವರ್ಷ. ಆದೇಶ ಬರೋವರೆಗೆ ಅದಕ್ಕೆ 'ದತ್ತುಪೂರ್ವ ಪೋಷಕತ್ವ' ಅಂತಾರೆ. ಮಗು ನಮ್ಮ ಹತ್ರ ಇರುತ್ತೆ, ಕಾಗದದಲ್ಲಿ ನಮ್ಮದಲ್ಲ. ಮೊದಲು ಆದೇಶ ಕೊಡ್ತಿದ್ದದ್ದು ಕೋರ್ಟು. 2021ರ ತಿದ್ದುಪಡಿ 2022ರ ಸೆಪ್ಟೆಂಬರ್ 1ಕ್ಕೆ ಜಾರಿಯಾಗಿ ಆ ಅಧಿಕಾರ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಹೋಯ್ತು. ಬೇಗ ಆಗಲಿ ಅನ್ನೋದೇ ಅದರ ಉದ್ದೇಶ. ನಮ್ಮ ಫೈಲು ಸರಿಯಾಗಿ ಆ ಸಂದಿಯಲ್ಲೇ ಸಿಕ್ಕಿಬಿತ್ತು. ಒಂದು ಕಡೆ "ಇದು ಈಗ ನಮ್ಮದಲ್ಲ" ಅಂದ್ರು, ಇನ್ನೊಂದು ಕಡೆ "ನಮಗಿನ್ನೂ ಬಂದಿಲ್ಲ" ಅಂದ್ರು. ಕಾನೂನಿನಲ್ಲಿ 2 ತಿಂಗಳು ಅಂತಿರೋದು ನಮಗೆ 11 ತಿಂಗಳಾಯ್ತು.

ಶಾಲೆ, ಇನ್ಶೂರೆನ್ಸ್, ಪಾಸ್‌ಪೋರ್ಟ್ ಎಲ್ಲಿ ಹೋದರೂ ಆದೇಶ ಕೇಳೋರು. ಅದನ್ನಾದ್ರೂ ಹೇಗೋ ತಡ್ಕೋಬಹುದು. ಆದರೆ ಕಪಾಟಿಂದ ಆ ನೀಲಿ ಫೈಲು ತೆಗೆದಾಗಲೆಲ್ಲ ಮಗಳು "ಪರತ್ ಜಾಯ್ಚಂ ಕಾ?" ಅನ್ನೋಳು. ವಾಪಸ್ ಹೋಗ್ಬೇಕಾ ಅಂತ. ಆಮೇಲಾಮೇಲೆ ಅದನ್ನೇ ಕನ್ನಡದಲ್ಲಿ ಕೇಳೋಕೆ ಕಲಿತಳು.

ತಪಾಸಣೆ ಎಷ್ಟು ಬೇಕೋ ಅಷ್ಟೂ ಮಾಡಲಿ. ನನ್ನ ತಕರಾರು ಆ ಮೌನದ ಬಗ್ಗೆ. ಗಡುವು ದಾಟಿದಾಗ ಯಾಕೆ ಅಂತ ಹೇಳೋರು ಒಬ್ಬರಾದ್ರೂ ಇರಬೇಕು.

ಸರದಿಯಲ್ಲಿರೋರಿಗೆ ಮೂರು ಮಾತು. ಮನೆ ವರದಿ ಚಾಲ್ತಿಯಲ್ಲಿರೋದು 3 ವರ್ಷ ಮಾತ್ರ, ಆ ತಾರೀಖು ಬರೆದಿಟ್ಕೊಳ್ಳಿ. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಫೋನ್ ಮಾಡಿ ಸುಮ್ಮನಾಗಬೇಡಿ, ಪತ್ರ ಬರೀರಿ, ಸ್ವೀಕೃತಿ ತಗೊಳ್ಳಿ. ಮತ್ತೆ, ಫಾರಂ ತುಂಬೋವಾಗ 4 ವರ್ಷದ ಮಗುವಿನ ಬಗ್ಗೆಯೂ ಮನೆಯಲ್ಲಿ ಒಂದು ಸಲ ಕೂತು ಮಾತಾಡಿ. ಅಲ್ಲೂ ಒಂದು ಮಗು ಕಾಯ್ತಾ ಇರುತ್ತೆ.