ಗೇರ್ ಬೀಳದಿದ್ದರೆ ಗಾಡಿಗೆ ಬಲಾತ್ಕಾರ ಮಾಡಬೇಡಿ
(ರೈತರ ಸಭೆಯಲ್ಲಿ ಗ್ರಾಮಸೇವಕರೊಬ್ಬರು ಮಾಡಿದ ಭಾಷಣ)



ಬೀಜ ಗೊಬ್ಬರದ ಮಾತಾಡಬೇಕಾದ ಗ್ರಾಮಸೇವಕ ಇಂದು ಗಾಡಿಯ ಗೇರಿನ ಮಾತು ತೆಗೆದನಲ್ಲ ಎಂದು ತಮಗೆ ಆಶ್ಚರ್ಯವಾಗಬಹುದು. ಬೆಳೆದ ಮಾಲು ಪೇಟೆ ಮುಟ್ಟಿದ ಮೇಲೆಯೇ ಬೇಸಾಯ ಪೂರ್ತಿಯಾದಂತೆ. ಗಂಗಾವತಿಯ ಭತ್ತವಿರಲಿ, ಕುಷ್ಟಗಿಯ ದಾಳಿಂಬೆಯಿರಲಿ, ಯಲಬುರ್ಗಾದ ಕಡಲೆಯಿರಲಿ, ಕೊಪ್ಪಳದ ಸಂತೆಯ ಕಾಯಿಪಲ್ಲೆಯಿರಲಿ, ಚಕ್ಕಡಿ ಹೋಗುತ್ತಿದ್ದ ಹಾದಿಯಲ್ಲಿ ಈಗ ಮೂರು ಗಾಲಿಯ ಗಾಡಿ ಓಡುತ್ತಿದೆ. ಆದರೆ ನಮ್ಮ ಹೊಲದ ಹಾದಿ ಈ ಗಾಡಿಗಾಗಿ ಆದದ್ದಲ್ಲ. ಟ್ರ್ಯಾಕ್ಟರ್ ಓಡಾಡಿದಲ್ಲಿ ಎರಡೂ ಕಡೆ ತಗ್ಗು ಬಿದ್ದು ನಡುವೆ ದಿಣ್ಣೆ ಉಳಿಯುತ್ತದೆ. ನಮ್ಮ ಗಾಡಿಯ ಮುಂದಿನ ಗಾಲಿ ಆ ದಿಣ್ಣೆಯ ಮೇಲೆ ಹೋಗುತ್ತದೆ. ಹಿಂದಿನ ಎರಡು ಗಾಲಿ ತಗ್ಗಿಗೆ ಇಳಿಯುತ್ತವೆ. ಆಗ ಗಾಡಿಯ ಹೊಟ್ಟೆ ನೆಲಕ್ಕೆ ಹತ್ತಿರವಾಗಿ ಕಲ್ಲಿಗೆ ಬಡಿಯುತ್ತದೆ.

ನನ್ನ ತಪ್ಪನ್ನೇ ಮೊದಲು ಹೇಳುತ್ತೇನೆ. ಒಂದು ಕಡಲೆ ಸುಗ್ಗಿಯಲ್ಲಿ ಅಣ್ಣನ ಗಾಡಿಯನ್ನು ನಾನು ನಡೆಸುತ್ತಿದ್ದೆ. ಚೀಲಗಳ ಮೇಲೆ ಅತ್ತಿಗೆ ಕುಳಿತಿದ್ದರು. ಸರಕಿನ ಗಾಡಿಯಲ್ಲಿ ಮಂದಿಯನ್ನು ಕೂಡಿಸಿದ್ದೂ ತಪ್ಪೇ. ಕೆಳಗೆ ಕಲ್ಲು ಧಡ್ಡನೆ ಬಡಿಯಿತು. ನಾನು ಇಳಿದು ನೋಡಲಿಲ್ಲ. ಮುಂದೆ ಹಳ್ಳದ ಏರು ಬಂತು. ಮೂರನೆಯ ಗೇರಿನಿಂದ ಎರಡಕ್ಕೆ ಬರಲೊಲ್ಲದು. ಎರಡೂ ಕೈಯಿಂದ ಹಿಡಿಯನ್ನು ತಿರುವಿದೆ. ಅಷ್ಟರಲ್ಲಿ ಎಂಜಿನ್ ಬಂದಾಗಿ ಗಾಡಿ ಹಿಂದಕ್ಕೆ ಜಾರತೊಡಗಿತು. ಅಣ್ಣ ಹಾರಿ ಇಳಿದು ಗಾಲಿಗೆ ಕಲ್ಲು ಕೊಟ್ಟದ್ದರಿಂದ ಅತ್ತಿಗೆ ಉಳಿದರು.

ಮರುದಿನ ತೋರಿಸಿದ ಕಡೆ "ಗೇರ್ ಪೆಟ್ಟಿಗೆ ಬಿಚ್ಚಬೇಕು" ಎಂದರು. ಕಡಲೆಯ ರೊಕ್ಕ ಅಲ್ಲಿಗೇ ಹೋಯಿತೆಂದು ಅಣ್ಣ ತಲೆಯ ಮೇಲೆ ಕೈ ಹೊತ್ತ. ಕುಷ್ಟಗಿಯ ಹಿರಿಯ ಮೇಸ್ತ್ರಿಯೊಬ್ಬರು ಮಾತ್ರ ಗಾಡಿಯ ಕೆಳಗೆ ಮಲಗಿ ನೋಡಿ, ಕಲ್ಲಿನ ಪೆಟ್ಟಿಗೆ ಚಪ್ಪಟೆಯಾಗಿದ್ದ ಕೇಬಲ್ಲಿನ ಕವಚವನ್ನು ತೋರಿಸಿದರು. ಕೇಬಲ್ ಬದಲಿಸಿದೊಡನೆ ಗಾಡಿ ಸರಿಯಾಯಿತು. ಗೇರ್ ಪೆಟ್ಟಿಗೆಗೆ ಏನೂ ಆಗಿರಲಿಲ್ಲ. ಅವರಿಂದ ಕಲಿತದ್ದನ್ನೇ ತಮಗೆ ಹೇಳುತ್ತಿದ್ದೇನೆ.

ಇಂಥದೊಂದು ಗಾಡಿಯನ್ನು ಇಟಲಿಯ ಪಿಯಾಜಿಯೊ ಕಂಪನಿಯವರು 1948ರಲ್ಲಿ ಹೊರತಂದರು. ಅದಕ್ಕೆ 'ಅಪೆ' ಎಂದು ಹೆಸರಿಟ್ಟರು. ಅವರ ಮಾತಿನಲ್ಲಿ ಜೇನುಹುಳು ಎಂದರ್ಥ. ಹಿಡಿ ತಿರುಗಿಸಿ ಗೇರ್ ಹಾಕುವ ಗಾಡಿಯಲ್ಲಿ ಹಿಡಿಯಿಂದ ಎರಡು ಕೇಬಲ್ ಹೊರಟು, ನೆಲಹಾಸಿನ ಕೆಳಗೆ ಹಾದು, ಹಿಂದಿನ ಗೇರ್ ಪೆಟ್ಟಿಗೆಯ ಸನ್ನೆಗೆ ಸೇರುತ್ತವೆ. ಒಂದು ಎಳೆದರೆ ಇನ್ನೊಂದು ಸಡಿಲು ಬಿಡುತ್ತದೆ, ಜೋಡಿ ಹಗ್ಗದ ಹಾಗೆ. ಆದಕಾರಣ ಒಂದು ಕೇಬಲ್ ಕೆಟ್ಟರೆ ಗೇರ್ ಮೇಲಕ್ಕೆ ಬಿದ್ದರೂ ಕೆಳಕ್ಕೆ ಬೀಳದೆ ಹೋಗಬಹುದು. ಕೇಬಲ್ ಸಡಿಲಾದರೆ ಹಿಡಿಯ ಗುರುತು ನ್ಯೂಟ್ರಲ್ ತೋರಿಸುತ್ತಿದ್ದರೂ ಗಾಡಿ ಗೇರಿನಲ್ಲಿಯೇ ಇರಬಹುದು.

ಕೆಳಗೆ ಪೆಟ್ಟು ಬಿದ್ದೊಡನೆ ಈ ಪ್ರಕಾರ ಮಾಡಿರಿ.

ಒಂದು: ಸಮ ನೆಲದಲ್ಲಿ ನಿಲ್ಲಿಸಿ, ಎಂಜಿನ್ ಬಂದು ಮಾಡಿ, ಗಾಲಿಗೆ ಕಲ್ಲು ಕೊಡಿರಿ. ಕೆಳಗೆ ಎಣ್ಣೆ ತೊಟ್ಟಿಕ್ಕುತ್ತಿದೆಯೇ ನೋಡಿರಿ. ತೊಟ್ಟಿಕ್ಕುತ್ತಿದ್ದರೆ ಒಂದು ಹೆಜ್ಜೆಯೂ ಓಡಿಸಬಾರದು. ಎಣ್ಣೆ ಆರಿದ ಪೆಟ್ಟಿಗೆಯಲ್ಲಿ ಹಲ್ಲುಗಾಲಿಗಳು ಬೇಗನೆ ಸವೆದು ಹೋಗುತ್ತವೆ. ಎಳೆಯಿಸಿಕೊಂಡೇ ಹೋಗಬೇಕು.

ಎರಡು: ಎಣ್ಣೆ ಸೋರದಿದ್ದರೆ, ಎಂಜಿನ್ ಬಂದಿರುವಾಗಲೇ ಕ್ಲಚ್ ಹಿಡಿದು ಗೇರ್ ಹಾಕಿ ನೋಡಿರಿ. ಇದಕ್ಕಾಗಿ ಗಾಲಿಯ ಕಲ್ಲು ತೆಗೆದು, ಒಬ್ಬರು ಗಾಡಿಯನ್ನು ತುಸು ಹಿಂದೆ ಮುಂದೆ ಅಲುಗಿಸಲಿ. ಆಗ ಗೇರ್ ಸಲೀಸಾಗಿ ಬಿದ್ದು, ಎಂಜಿನ್ ಹಚ್ಚಿದಾಗ ಮಾತ್ರ ಕರಕರ ಎಂದರೆ ಹೆಚ್ಚಾಗಿ ಕ್ಲಚ್ ಪೂರ್ತಿ ಬಿಡುತ್ತಿಲ್ಲವೆಂದು ತಿಳಿಯಿರಿ; ಕ್ಲಚ್ ಕೇಬಲ್ ನೋಡಿಸಬೇಕು. ಎಂಜಿನ್ ಬಂದಿರುವಾಗಲೂ ಬೀಳದಿದ್ದರೆ ದೋಷ ಗೇರಿನ ಕೇಬಲ್ಲಿನಲ್ಲಿದೆ, ಇಲ್ಲವೆ ಪೆಟ್ಟಿಗೆಯಲ್ಲಿದೆ.

ಮೂರು: ಗಾಲಿಗೆ ಪುನಃ ಕಲ್ಲು ಕೊಟ್ಟು, ಒಬ್ಬರು ಹಿಡಿ ತಿರುಗಿಸಲಿ, ಇನ್ನೊಬ್ಬರು ಹಿಂದೆ ಪೆಟ್ಟಿಗೆಯ ಸನ್ನೆಯನ್ನು ನೋಡಲಿ. ಹಿಡಿ ತಿರುಗಿದಷ್ಟು ಸನ್ನೆ ಅಲುಗದಿದ್ದರೆ ಕೇಬಲ್ಲಿನ ಹಾದಿಯನ್ನು ಬೆರಳಿನಿಂದ ಸವರುತ್ತ ಹೋಗಿರಿ. ಕವಚ ಚಪ್ಪಟೆಯಾಗಿದೆಯೇ, ಹಿಡಿದ ಪಟ್ಟಿ ಬಾಗಿದೆಯೇ, ತಂತಿಯ ಎಳೆ ಹರಿದಿದೆಯೇ, ತಿರುಗು ಹಾದಿಯಲ್ಲಿ ಮುದುಡಿದೆಯೇ ಎಂದು ನೋಡಿರಿ. ಬಿಸಿ ಸೈಲೆನ್ಸರಿಗೆ ಕೈ ತಗಲದಂತೆ ಎಚ್ಚರವಿರಲಿ. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಎಂದೂ ಮಲಗಬೇಡಿರಿ.

ನಾಲ್ಕು: ಕೇಬಲ್ ಬಿಚ್ಚಿದ ಮೇಲೂ ಸನ್ನೆ ಬಿಗಿಯಾಗಿಯೇ ಇದ್ದರೆ ಆಗ ಮಾತ್ರ ಪೆಟ್ಟಿಗೆ ಬಿಚ್ಚುವ ಮಾತು. ಈ ಪರೀಕ್ಷೆಯನ್ನು ಮೇಸ್ತ್ರಿಯು ತಮ್ಮ ಕಣ್ಣೆದುರಿಗೆ ಮಾಡಿ ತೋರಿಸಲಿ ಎಂದು ಕೇಳಿರಿ. ಹಾಗೆ ಕೇಳುವುದರಲ್ಲಿ ಸಂಕೋಚವೇನೂ ಇಲ್ಲ.

ಮೋಟಾರ್ ಸೈಕಲ್ಲಿಗೆ ಹಿಂದೆ ತೊಟ್ಟಿ ಕಟ್ಟಿಸಿದ ಗಾಡಿಗಳಲ್ಲಿ ಗೇರ್ ಕಾಲಿನಿಂದ ಬೀಳುತ್ತದೆ. ಅಲ್ಲಿ ಕಲ್ಲು ಬಡಿದರೆ ಕಾಲುಸನ್ನೆ ಬಾಗಿ ಎಂಜಿನ್ನಿಗೆ ತಾಗುತ್ತದೆ, ಇಲ್ಲವೆ ಅದರ ಬೋಲ್ಟು ಸಡಿಲಾಗಿ ಹಲ್ಲು ಜಾರುತ್ತದೆ. ಅದನ್ನು ಗಾಡಿಯ ಮೇಲಿರುವಾಗಲೇ ಸುತ್ತಿಗೆಯಿಂದ ಬಡಿಯಬೇಡಿರಿ. ಒಳಗಿನ ದಂಡವೂ ಬಾಗೀತು. ಬಿಚ್ಚಿ ನೇರ ಮಾಡಿಸಿರಿ.

ಎತ್ತು ಕುಂಟಿದರೆ ನಾವು ಬಾರಕೋಲು ಎತ್ತುವುದಿಲ್ಲ. ಕಾಲೆತ್ತಿ ಗೊರಸಿನಲ್ಲಿ ಮುಳ್ಳಿದೆಯೇ ನೋಡುತ್ತೇವೆ. ಗಾಡಿಗೂ ಅದೇ ನ್ಯಾಯ. ವಾರಕ್ಕೊಮ್ಮೆ ಹೊಟ್ಟೆಯ ಕೆಳಗಿನ ಕೆಸರು ತೊಳೆದು ಕೇಬಲ್ ನೋಡಿರಿ. ಗಾಡಿಯ ಪೆಟ್ಟಿಗೆಯಲ್ಲಿ ಗೇರಿನದೊಂದು, ಕ್ಲಚ್ಚಿನದೊಂದು ಹೊಸ ಕೇಬಲ್ ಇಟ್ಟುಕೊಳ್ಳಿರಿ. ಮಿತಿಗಿಂತ ಹೆಚ್ಚು ಭಾರ ಹೇರಬೇಡಿರಿ. ಭಾರ ಹೆಚ್ಚಿದಷ್ಟು ಹೊಟ್ಟೆ ನೆಲಕ್ಕೆ ಇಳಿಯುತ್ತದೆ. ಸುಗ್ಗಿಗೆ ಮುಂಚೆ ಓಣಿಯವರೆಲ್ಲ ಕೂಡಿ ಒಂದು ದಿನ ದುಡಿದು ಹೊಲದ ಹಾದಿಯ ನಡುದಿಣ್ಣೆ ಕಡಿದು, ಕಲ್ಲು ತೆಗೆದರೆ ಎಲ್ಲರ ಗಾಡಿಯೂ ಉಳಿಯುತ್ತದೆ, ಮೇಲೆ ಕುಳಿತವರ ಜೀವವೂ ಉಳಿಯುತ್ತದೆ.

ಮೊದಲು ಇಳಿದು ನೋಡಿರಿ, ಆಮೇಲೆ ಗೇರ್ ಹಾಕಿರಿ.