ಆಟದ ನಕ್ಷೆಯಲ್ಲಿ ಬೆಂಕಿಯ ದ್ವೀಪ
(ವಾರ್ಷಿಕೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಮಕ್ಕಳು ಕಂಪ್ಯೂಟರ್ ಆಟದಲ್ಲಿ ಕಾಲ ಕಳೆಯುತ್ತಾರೆಂಬ ದೂರು ಎಲ್ಲ ಮನೆಗಳಲ್ಲೂ ಇದೆ. ನಮ್ಮ ಮನೆಯಲ್ಲೂ ಇತ್ತು. ನಾನು ಭೂಗೋಳದ ಅಧ್ಯಾಪಕ. ಪಿಯುಸಿ ಓದುವ ನನ್ನ ಮಗನಿಗೆ ‘ಸಿಟೀಸ್: ಸ್ಕೈಲೈನ್ಸ್’ ಎಂಬ ಆಟದ ಹುಚ್ಚು. 2015ರಲ್ಲಿ ಬಂದ ಈ ಆಟದಲ್ಲಿ ರಸ್ತೆ, ನೀರು, ವಿದ್ಯುತ್ ಒದಗಿಸಿ ಊರು ಕಟ್ಟಬೇಕು. ಊರು ನಿಲ್ಲುವ ನೆಲವನ್ನೂ ನಾವೇ ತಯಾರಿಸಬಹುದು. “ಅಬ್ಬಾ, ಜ್ವಾಲಾಮುಖಿ ಇರುವ ಸಮುದ್ರತೀರ ಬೇಕು” ಎಂದ. ಬೈಯುವ ಬದಲು ಅಟ್ಲಾಸ್ ತೆಗೆದೆ. ಐಸ್‌ಲ್ಯಾಂಡಿನ ದಕ್ಷಿಣಕ್ಕಿರುವ ಹೇಮಾಯ್ ದ್ವೀಪವನ್ನು ಆರಿಸಿದೆವು.

ನೆಲದ ಎತ್ತರವನ್ನು ಈ ಆಟಕ್ಕೆ ಒಂದು ಕಪ್ಪು ಬಿಳುಪು ಚಿತ್ರದ ಮೂಲಕ ತಿಳಿಸಬೇಕು. ಕಪ್ಪು ತಗ್ಗು, ಬಿಳುಪು ಎತ್ತರ. ಚಿತ್ರದಲ್ಲಿ ಉದ್ದಕ್ಕೂ ಅಗಲಕ್ಕೂ 1081 ಚುಕ್ಕೆಗಳು. ಚುಕ್ಕೆಯಿಂದ ಚುಕ್ಕೆಗೆ 16 ಮೀಟರ್. ಮೊದಲ ಪ್ರಯತ್ನದಲ್ಲಿ ತೀರವೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಬಂತು. ನಾವು 256 ಛಾಯೆಗಳ ಚಿತ್ರ ಕೊಟ್ಟಿದ್ದೆವು. 1024 ಮೀಟರ್ ಎತ್ತರವನ್ನು ಅಷ್ಟಕ್ಕೇ ಹಂಚಿದರೆ ಒಂದೊಂದು ಮೆಟ್ಟಿಲು 4 ಮೀಟರ್! 65,536 ಛಾಯೆಗಳ ಚಿತ್ರ ಕೊಟ್ಟಾಗ ತೀರ ನಯವಾಯಿತು. ಭಾಗಾಕಾರದ ಬೆಲೆ ಮಗನಿಗೆ ಅಂದು ತಿಳಿಯಿತು.

ದ್ವೀಪದ ವಿಸ್ತೀರ್ಣ ಸುಮಾರು 13 ಚದರ ಕಿಲೋಮೀಟರ್ ಮಾತ್ರ. ಉದ್ದಗಲವನ್ನು ಎರಡು ಪಟ್ಟು ಮಾಡಿದೆವು; ನೆಲ ನಾಲ್ಕು ಪಟ್ಟಾಯಿತು. ಎತ್ತರವನ್ನು ಹಿಗ್ಗಿಸಲಿಲ್ಲ. ಆದ್ದರಿಂದ ಇಳಿಜಾರು ತಗ್ಗಿ ರಸ್ತೆ ಹಾಕುವುದು ಸುಲಭವಾಯಿತು. ಆದರೆ ಬಂದರಿನ ಬಾಯಿಯೂ ಅಗಲವಾಗಿ ಹೋಯಿತು. “ಇರಲಿ ಬಿಡಿ, ಹಡಗು ಆರಾಮವಾಗಿ ಬರುತ್ತದೆ” ಎಂದ ಮಗ. ಆಗ ಅವನಿಗೆ 1973ರ ಕಥೆ ಹೇಳಬೇಕಾಯಿತು.

ಆ ವರ್ಷ ಜನವರಿ 23ರ ನಡುರಾತ್ರಿ ಕಳೆದ ಮೇಲೆ ಊರಿನ ಅಂಚಿನಲ್ಲೇ ನೆಲ ಬಿರಿದು ಬೆಂಕಿ ಚಿಮ್ಮಿತು. ಜನಸಂಖ್ಯೆ ಸುಮಾರು 5,300. ಹಿಂದಿನ ದಿನದ ಬಿರುಗಾಳಿಯಿಂದಾಗಿ ಮೀನುಗಾರಿಕಾ ದೋಣಿಗಳೆಲ್ಲ ಬಂದರಿನಲ್ಲೇ ಇದ್ದವು. ಬೆಳಗಾಗುವುದರೊಳಗೆ ಬಹುತೇಕ ಎಲ್ಲರನ್ನೂ ಸಾಗಿಸಲಾಯಿತು. ಮುಂದೆ ಸುಮಾರು 400 ಮನೆಗಳು ನಾಶವಾದವು. ವಿಷಾನಿಲಕ್ಕೆ ಒಬ್ಬರು ಬಲಿಯಾದರು. ಲಾವಾ ಬಂದರಿನ ಬಾಯಿ ಮುಚ್ಚಲು ಹೊರಟಾಗ ಜನ ಸಮುದ್ರದ ನೀರನ್ನೇ ಪಂಪುಗಳಿಂದ ಅದರ ಮೇಲೆ ಸುರಿದರು. ಒಟ್ಟು ಸುಮಾರು 60 ಲಕ್ಷ ಘನ ಮೀಟರ್! ಮುಂಭಾಗ ತಣಿದು ಗಟ್ಟಿಯಾಗಿ ಲಾವಾದ ಓಟ ಕುಗ್ಗಿತು. ಜುಲೈ ಆರಂಭದಲ್ಲಿ ಬೆಂಕಿ ಆರಿತು. ಬಂದರು ಉಳಿಯಿತು. ಅಷ್ಟೇ ಅಲ್ಲ, ಹೊಸ ಕಲ್ಲುನೆಲ ಅಲೆಗಳಿಗೆ ಅಡ್ಡಗೋಡೆಯಾಗಿ ಬಂದರು ಮೊದಲಿಗಿಂತ ಸುರಕ್ಷಿತವಾಯಿತು.

“ಮನೆ ಹೂತುಹೋದ ಮೇಲೂ ಅವರು ಯಾಕೆ ಮರಳಿ ಬಂದರು, ಅಬ್ಬಾ?” ಎಂದು ಮಗ ಕೇಳಿದ.

ಆ ಊರಿನ ಅನ್ನ ಬಂದರಿನಲ್ಲಿತ್ತು. ಬಂದರು ಉಳಿದದ್ದರಿಂದ ಬದುಕು ಉಳಿಯಿತು. ಮರಳಿದವರು ಬೂದಿಯನ್ನು ಬಳಿದು ವಿಮಾನ ಇಳಿದಾಣದ ವಿಸ್ತರಣೆಗೆ ಬಳಸಿದರು. ಆರದ ಲಾವಾದ ಶಾಖದಿಂದ ಹಲವು ವರ್ಷ ಮನೆಗಳನ್ನು ಬೆಚ್ಚಗಿಟ್ಟುಕೊಂಡರು.

ಮಗ ಮರುಮಾತಾಡಲಿಲ್ಲ. ಎರಡು ದಿನ ಕುಳಿತು ಬಂದರಿನ ಬಾಯಿಯನ್ನು ಮತ್ತೆ ಕಿರಿದು ಮಾಡಿದ. ಚೆಂದಕ್ಕೆಂದು ಬೆಟ್ಟದ ಬುಡದಲ್ಲಿ ಗುರುತಿಸಿದ್ದ ಮನೆಗಳ ಜಾಗವನ್ನು ಪಶ್ಚಿಮಕ್ಕೆ ಸರಿಸಿದ. ಅಲ್ಲಿಂದ ಬಂದರಿಗೆ ಎರಡು ದಾರಿ ಬಿಟ್ಟ. “ಒಂದು ಮುಚ್ಚಿದರೆ ಇನ್ನೊಂದು ಬೇಕಲ್ಲ” ಎಂದ. ಇಷ್ಟು ವರ್ಷ ಪಾಠ ಮಾಡಿದ ನಾನು ಆ ಮಾತನ್ನು ತರಗತಿಯಲ್ಲಿ ಎಂದೂ ಹೇಳಿರಲಿಲ್ಲ.

ಪೋಷಕರಲ್ಲಿ ನನ್ನದೊಂದು ವಿನಂತಿ. ಆಟಕ್ಕೆ ಸಮಯದ ಮಿತಿ ಇರಲಿ, ಅದು ಬೇಕೇ ಬೇಕು. ಜೊತೆಗೆ ಒಂದು ದಿನ ಮಗುವಿನ ಪಕ್ಕದಲ್ಲಿ ಕುಳಿತು, “ಇಲ್ಲಿ ಜನ ಯಾಕೆ ವಾಸಿಸುತ್ತಾರೆ?” ಎಂದು ಕೇಳಿ ನೋಡಿ. ವಿದ್ಯಾರ್ಥಿಗಳೆ, ನಾಳೆ ನಿಮ್ಮಲ್ಲಿ ಕೆಲವರು ನಿಜವಾದ ಊರುಗಳ ನಕ್ಷೆ ಬರೆಯುವವರು. ಅಂದು ಆ ಎರಡನೆಯ ದಾರಿಯನ್ನು ಮರೆಯಬೇಡಿ.